ಎಂಜಿನ್ ಮನೆಯ ಇಲಿಗಳು ಮತ್ತು ನಮ್ಮ ಗಂಗಕ್ಕ

ಮುಚ್ಚಬೇಕಾಗಿದ್ದ ಒಂದು ಪೈಪನ್ನು ನಾನು ಮುಚ್ಚಲಿಲ್ಲ. ಮುಚ್ಚಿದ್ದೇನೆ ಎಂದು ಅಕ್ಕನಿಗೆ ಹೇಳಿದೆ. ಆ ಪೈಪಿನೊಳಗಿಂದ ಇಲಿ ಬಂದು ಕೆಲಸ ಕೆಟ್ಟಾಗ ತಪ್ಪು ಅಕ್ಕನ ತಲೆಗೆ ಬಂತು. ಅವಳ ನೌಕರಿ ಹೋಯಿತು, ಇರಲು ಇದ್ದ ಖೋಲಿ ಹೋಯಿತು. ನಾನು ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದುಕೊಂಡು ಎದುರಿಗೇ ನಿಂತಿದ್ದೆ. ತಪ್ಪು ನನ್ನದು ಎಂದು ಹೇಳಲಿಲ್ಲ. ಅಂದು ಹೇಳಲಿಲ್ಲ, ಮರುದಿನ ಹೇಳಲಿಲ್ಲ, ಕೂದಲು ಬೆಳ್ಳಗಾಗುವವರೆಗೂ ಹೇಳಲಿಲ್ಲ. ಈಗ ಅವಳ ಕಿವಿ ಮಂದವಾಗುತ್ತಾ ಬಂದಿದೆ. ಪೂರ್ತಿ ಕೇಳದಂತಾಗುವ ಮೊದಲು ಹೇಳಬೇಕು ಎಂಬ ಧಾವಂತ ಹೋದ ವರ್ಷದಿಂದ ನನ್ನನ್ನು ಹಿಡಿದಿತ್ತು.

ನಿವೃತ್ತಿಯಾಗುವಾಗ ನಾನು ಒಂದು ದೊಡ್ಡ ದವಾಖಾನೆಯ ಜನರೇಟರ್ ನೋಡಿಕೊಳ್ಳುತ್ತಿದ್ದೆ. ನನ್ನ ಜಾಗಕ್ಕೆ ಬಂದ ಹುಡುಗರು ಆಗಾಗ ಮನೆಗೆ ಬಂದು, "ಕಾಕಾ, ಇಲಿ ಮತ್ತ ವಾಯರ್ ಕಡದಾವು, ಏನ್ ಮಾಡೋಣು?" ಎಂದು ಕೇಳುತ್ತಾರೆ. ಅವರಿಗಾಗಿ ಬರೆಯಲು ಕುಳಿತೆ. ನಾನು ನಾಲ್ಕನೇ ಇಯತ್ತೆಯವರೆಗೆ ಓದಿದವನು. ಕಾಗುಣಿತ ತಪ್ಪಿದರೆ ಮೊಮ್ಮಗಳು ತಿದ್ದುತ್ತಾಳೆ. ಇಲಿಯ ವಿಷಯ ಬರೆಯುತ್ತೇನೆ ಎಂದು ಕುಳಿತರೆ ಪ್ರತಿ ಸಾಲಿನಲ್ಲೂ ಅಕ್ಕ ಬರುತ್ತಾಳೆ. ಬರಲಿ. ಈ ವಿದ್ಯೆಯಲ್ಲಿ ಅರ್ಧ ಅವಳಿಂದ ಕಲಿತದ್ದು, ಇನ್ನರ್ಧ ಹುಸೇನಸಾಬ್ ಮಿಸ್ತ್ರಿಯಿಂದ.

ನಮ್ಮದು ಬೆಟಗೇರಿಯ ನೇಕಾರರ ಓಣಿ. ಮನೆಯಲ್ಲಿ ಒಂದೇ ಮಗ್ಗ. ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ನೇಯುತ್ತಿದ್ದ. ನೂಲಿಗೆ ಗಂಜಿ ಹಾಕುತ್ತಾರಲ್ಲ, ಆ ಗಂಜಿಯ ವಾಸನೆಗೆ ಇಲಿ ಬರುತ್ತವೆ. ಹಾಸಿದ ನೂಲನ್ನು ಒಂದೇ ಒಂದು ಇಲಿ ಅಡ್ಡ ಕಡಿದರೆ ಇಡೀ ಮನೆ ಕೂತು ಒಂದೊಂದೇ ಎಳೆ ಗಂಟು ಹಾಕಬೇಕು. ಹೀಗಾಗಿ ನಮ್ಮ ಓಣಿಯ ಮಕ್ಕಳಿಗೆ ಇಲಿಯ ಮೇಲೆ ಸಿಟ್ಟೂ ಇತ್ತು, ಭಯಭಕ್ತಿಯೂ ಇತ್ತು.

ಗಂಗಕ್ಕ ನನಗಿಂತ ಬಹಳ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮುಂಡರಗಿ ಕಡೆಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಕರೆತಂದು ಇವಳನ್ನು ತವರಿಗೆ ಕಳಿಸಿದ. ಅವಳು ಅಳುತ್ತಾ ಕೂರಲಿಲ್ಲ. ಗದಗಿನಲ್ಲಿ ಆಗ ಹೊಸದಾಗಿ ಎದ್ದಿದ್ದ ಒಂದು ಸಿನೆಮಾ ಥೇಟರಿನಲ್ಲಿ ಕಸ ಹೊಡೆಯುವ ಕೆಲಸ ಹಿಡಿದಳು. ಥೇಟರಿನ ಹಿಂದೆ ಎಂಜಿನ್ ಮನೆ. ಅದಕ್ಕೆ ಹೊಂದಿಕೊಂಡು ಒಂದು ಸಣ್ಣ ಖೋಲಿ. ಅದನ್ನು ಅವಳಿಗೆ ಇರಲು ಕೊಟ್ಟರು. ಆ ಖೋಲಿಯ ಕೀಲಿಯನ್ನು ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವಾಗ ಅದು ಝಣ ಝಣ ಎನ್ನುತ್ತಿತ್ತು. "ಅಪ್ಪನ ಮನಿ ಅಪ್ಪಂದು, ಗಂಡನ ಮನಿ ಗಂಡಂದು. ಇದೊಂದ ನನ್ನದು ನೋಡಲೇ ತಮ್ಮಾ," ಎಂದು ಆ ಕೀಲಿಯನ್ನು ತೋರಿಸುತ್ತಿದ್ದಳು. ಅವಳೇ ಮ್ಯಾನೇಜರ್ ರಾಯರ ಕೈಕಾಲು ಹಿಡಿದು ನನ್ನನ್ನು ಎಂಜಿನ್ನಿಗೆ ಎಣ್ಣೆ ಹಾಕುವ ಕೆಲಸಕ್ಕೆ ಸೇರಿಸಿದಳು.

ಊರಿಗೆ ಕರೆಂಟು ಬಂದಿತ್ತು. ಆದರೆ ಅದು ತನಗೆ ಮನಸ್ಸಿದ್ದಾಗ ಇರುತ್ತಿತ್ತು, ಬೇಡವಾದಾಗ ಹೋಗುತ್ತಿತ್ತು. ಹೋದಾಗ ಸಿನೆಮಾ ನಿಲ್ಲಬಾರದೆಂದು ಈ ಎಂಜಿನ್. ಒಂದೇ ಸಿಲಿಂಡರು, ಎರಡೂ ಪಕ್ಕಕ್ಕೆ ಬಂಡಿಯ ಗಾಲಿಯಷ್ಟು ದೊಡ್ಡ ಚಕ್ರ, ಪಟ್ಟಾದಿಂದ ತಿರುಗುವ ಡೈನಮೋ. ಹಿಡಿಕೆ ಹಾಕಿ ಕೈಯಿಂದ ತಿರುಗಿಸಿ ಚಾಲೂ ಮಾಡಬೇಕು. ಅದು ಓಡತೊಡಗಿತೆಂದರೆ ಪಕ್ಕದಲ್ಲಿದ್ದವರ ಮಾತು ಕೇಳುತ್ತಿರಲಿಲ್ಲ. ಏನು ಹೇಳುವುದಿದ್ದರೂ ಕಿವಿಗೆ ಕೈಯೊಡ್ಡಿ, ಅದರೊಳಗೆ ಬಾಯಿಟ್ಟು ಒದರಬೇಕು. ಅಕ್ಕನೂ ನಾನೂ ಮನೆಗೆ ಹೋದಾಗಲೂ ಹಾಗೆಯೇ ಒದರುತ್ತಿದ್ದೆವು. "ಅಣ್ಣತಂಗಿ ಜಗಳಾಡತಾರಂತ ಮಂದಿ ತಿಳಕೊಂಡಾರು, ಸಾವಕಾಶ ಮಾತಾಡ್ರಲೇ," ಎಂದು ಅಪ್ಪ ಬೈಯುತ್ತಿದ್ದ. ಅಕ್ಕತಮ್ಮ ಎನ್ನುವುದು ಅವನ ಬಾಯಲ್ಲಿ ಯಾವಾಗಲೂ ಅಣ್ಣತಂಗಿ ಆಗಿಬಿಡುತ್ತಿತ್ತು.

ಆ ಎಂಜಿನ್ ನೋಡಿಕೊಳ್ಳುತ್ತಿದ್ದ ಹುಸೇನಸಾಬ್ ಮಿಸ್ತ್ರಿ ನನಗೆ ಹೇಳಿದ ಮೊದಲ ಪಾಠ ಇದು: "ದಿನಾ ಓಡೋ ಎಂಜಿನ್ನಿಗೆ ಇಲಿ ಕಾಟ ಇಲ್ಲ. ಕಾಟ ಇರೋದು ಇಂಥಾ ಮಲಗಿರೋ ಎಂಜಿನ್ನಿಗೆ. ಒಮ್ಮೆ ಓಡಿ ನಿಂತ ಮ್ಯಾಲೆ ಎರಡು ದಿನ ಬೆಚ್ಚಗಿರತೈತಿ. ಹತ್ರ ಚಿಂದಿ ಅರಿವಿ ಐತಿ, ಗ್ರೀಸ್ ಐತಿ, ಥೇಟರದಾಗ ಮಂದಿ ಚೆಲ್ಲಿದ ಶೇಂಗಾ ಐತಿ. ನಾನ ಇಲಿ ಆಗಿದ್ರ ನಾನೂ ಇಲ್ಲೇ ಸಂಸಾರ ಹೂಡತಿದ್ದೆ."

ಹುಡುಗರೇ, ಇದು ನಿಮ್ಮ ಈಗಿನ ಮಷಿನ್ನಿಗೂ ಅಷ್ಟೇ ಖರೆ. ಗುಂಡಿ ಒತ್ತಿದರೆ ಚಾಲೂ ಆಗುತ್ತದೆ ಎಂದು ವಾರಗಟ್ಟಲೆ ಬಾಗಿಲು ತೆರೆಯದೆ ಬಿಡುತ್ತೀರಿ. ಒಳಗೆ ಬೇರೆಯವರ ಬಾಣಂತನ ನಡೆದಿರುತ್ತದೆ.

ನನ್ನ ಮೊದಲ ದೊಡ್ಡ ಎಡವಟ್ಟು ಸ್ವಾತಂತ್ರ್ಯ ಬಂದ ದಿನವೇ ಆಯಿತು. ಥೇಟರಿನ ಮುಂದೆ ಬಾವುಟ, ಬಾಳೆಕಂಬ, ಜನವೋ ಜನ. ರಾಯರು ಬಿಳಿ ಟೋಪಿ ಹಾಕಿಕೊಂಡು ಸಿಹಿ ಹಂಚುತ್ತಿದ್ದರು. ಕರೆಂಟು ಹೋಯಿತು. ನಾನು ಹುಮ್ಮಸ್ಸಿನಿಂದ ಹಿಡಿಕೆ ತಿರುಗಿಸಿದೆ. ಎಂಜಿನ್ ಎರಡು ಸಲ ಕೆಮ್ಮಿತು, ಮೂರನೇ ಸಲಕ್ಕೆ ಹೊಗೆಕೊಳವೆಯಿಂದ ಢಮ್ ಎಂಬ ಸದ್ದು. ಕೊಳವೆಯೊಳಗೆ ಇಲಿ ಗೂಡು ಕಟ್ಟಿತ್ತು. ಹತ್ತಿ, ಶೇಂಗಾ ಸಿಪ್ಪೆ, ಪೋಸ್ಟರಿನ ಚೂರು ಎಲ್ಲ ಕೆಂಡವಾಗಿ ಹಾರಿ ಟಿಕೇಟಿನ ಸಾಲಿನಲ್ಲಿ ನಿಂತವರ ಮೇಲೆ ಬಿತ್ತು. ಮಲ್ಲಸಮುದ್ರದ ಒಬ್ಬ ಹಿರಿಯರ ಪಟಕಾದಿಂದ ಹೊಗೆ ಏಳತೊಡಗಿತು. ಹಿಂದಿನವರು ತಮ್ಮ ಟವೆಲ್ಲಿನಿಂದ ಅವರ ತಲೆಗೆ ಬಡಿದದ್ದೇ ಬಡಿದದ್ದು.

ಅವರು ನೆಟ್ಟಗೆ ಎಂಜಿನ್ ಮನೆಗೆ ಬಂದರು. "ಏನ್ರಲೇ, ಸ್ವಾತಂತ್ರ್ಯ ಬಂತಂತ ಮಂದಿ ತಲಿಗೆ ಬೆಂಕಿ ಹಚ್ಚತೀರೇನು?"

ಅಕ್ಕ ಮುಂದೆ ಬಂದು, "ತಪ್ಪಾತ್ರಿ ಎಪ್ಪಾ. ಹುಡುಗ ಹೊಸಬ ಅದಾನ. ಪಟಕಾ ಕೊಡ್ರಿ, ತೂತು ಕಾಣದಂಗ ರಫೂ ಮಾಡಿ ಕೊಡತೀನಿ," ಎಂದಳು. ನೇಕಾರರ ಮಗಳಲ್ಲವೇ, ಅಲ್ಲೇ ಕುಳಿತು ಎಳೆಗೆ ಎಳೆ ಕೂಡಿಸಿ ರಫೂ ಮಾಡಿದಳು. ಹಿರಿಯರು ಬೆಳಕಿಗೆ ಹಿಡಿದು ನೋಡಿದರು. "ಇದು ಮೊದಲಿಗಿಂತ ಛಲೋ ಆತಲ್ಲವಾ," ಎಂದು ಸಿನೆಮಾ ನೋಡಲು ಹೋದರು. ತಪ್ಪು ನನ್ನದು, ಕ್ಷಮೆ ಕೇಳಿದವಳು ಅವಳು. ಅಂದು ಅದು ನನಗೆ ದೊಡ್ಡದೆನಿಸಲಿಲ್ಲ.

ಮರುದಿನ ಮಿಸ್ತ್ರಿ ಡಬ್ಬಿಯ ತಗಡು ಕತ್ತರಿಸಿ ಹೊಗೆಕೊಳವೆಗೆ ಒಂದು ಮುಚ್ಚಳ ಮಾಡಿದ. ಒಂದು ಕಡೆ ಕೀಲು. ಎಂಜಿನ್ ಓಡುವಾಗ ಹೊಗೆ ತಾನೇ ಅದನ್ನು ಎತ್ತುತ್ತದೆ, ನಿಂತಾಗ ತಾನೇ ಬಿದ್ದು ಮುಚ್ಚಿಕೊಳ್ಳುತ್ತದೆ. ಈಗ ಅಂಥವು ಪೇಟೆಯಲ್ಲಿ ಸಿಗುತ್ತವೆ. ಕೊಂಡು ಹಾಕಿ.

ಎರಡನೆಯ ಎಡವಟ್ಟು ಪಾಷಾಣದ್ದು. ಇಲಿಗಳನ್ನು ಒಂದೇ ಸಲಕ್ಕೆ ಮುಗಿಸುತ್ತೇನೆಂದು ಜೋಳದ ಹಿಟ್ಟಿನಲ್ಲಿ ವಿಷ ಕಲಸಿ ಮೂಲೆಮೂಲೆಗೆ ಇಟ್ಟೆ. ಇಲಿ ತಿಂದವು. ಆದರೆ ತಿಂದ ಜಾಗದಲ್ಲೇ ಸಾಯುತ್ತವೆಯೇ? ಒಂದು ಹೋಗಿ ಡೈನಮೋದ ಕವಚದೊಳಗೆ ಸತ್ತಿತು. ಎರಡು ದಿನದ ಮೇಲೆ ಎಂಜಿನ್ ಚಾಲೂ ಮಾಡಿದಾಗ ಡೈನಮೋ ಬಿಸಿಯಾಗಿ ನಾತ ಎದ್ದಿತು, ಗಾಳಿಗೆ ಥೇಟರಿನೊಳಗೂ ನುಗ್ಗಿತು. ಪರದೆಯ ಮೇಲೆ ತಾಯಿ ಮಗನನ್ನು ಅಪ್ಪಿ ಅಳುವ ದೃಶ್ಯ. ಜನರೆಲ್ಲ ಧೋತರದ ಚುಂಗನ್ನು ಮೂಗಿಗೆ ಹಿಡಿದಿದ್ದರು. ಎಲ್ಲರೂ ಅಳುತ್ತಿದ್ದಾರೆ ಎಂದು ರಾಯರಿಗೆ ಮೊದಲು ಸಂತೋಷವಾಯಿತಂತೆ. ಆಮೇಲೆ ಅವರ ಮೂಗಿಗೂ ಬಂತು. ನನ್ನ ಹತ್ತಿರ ಬಂದು, "ಶಂಕ್ರಪ್ಪಾ, ಇಲಿ ಕೊಲ್ಲೋ ಅಂದ್ರ ಪ್ರೇಕ್ಷಕರನ್ನ ಕೊಲ್ಲಾಕತ್ತೀ ಅಲ್ಲೋ!" ಎಂದರು. ರಾಯರು ಬೈಯುವುದೇ ಹಾಗೆ. ಕೆಟ್ಟ ಮನುಷ್ಯರಲ್ಲ. ಆದರೆ ನಾಲ್ಕು ಜನರ ಮುಂದೆ ಮುಖಭಂಗವಾಯಿತೆಂದರೆ ಅವರ ತಲೆ ನಿಲ್ಲುತ್ತಿರಲಿಲ್ಲ. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಆ ಸತ್ತ ಇಲಿಯನ್ನು ತೆಗೆದವಳೂ ಅಕ್ಕನೇ. ಅಂದಿನಿಂದ ವಿಷ ಬಂದ್. ಅವಳು ಮಗ್ಗದ ಮನೆಯ ಪದ್ಧತಿಯನ್ನು ಎಂಜಿನ್ ಮನೆಗೆ ತಂದಳು. ಸಂಜೆ ಒಲೆಯ ಬೂದಿಯನ್ನು ಸೋಸಿ ನೆಲದ ಮೇಲೆ ತೆಳ್ಳಗೆ ಉದುರಿಸುವುದು, ಮುಂಜಾನೆ ಬಂದು ಹೆಜ್ಜೆ ನೋಡುವುದು. "ನೋಡಿಲ್ಲಿ, ಈ ಕಡಿಂದ ಬಂದಾನ ಸಾಹೇಬ. ಇಲ್ಲಿ ನಿಂತು ಮೀಸಿ ತಿಕ್ಕ್ಯಾನ. ಬಾಲ ಎಳಕೋತ ಆ ಮೂಲಿಗೆ ಹೋಗ್ಯಾನ," ಎಂದು ನಮ್ಮ ಓಣಿಯವರ ಸುದ್ದಿ ಹೇಳಿದಂತೆ ಹೇಳುತ್ತಿದ್ದಳು. ಹೆಜ್ಜೆ ಎಲ್ಲಿ ಮುಗಿಯುತ್ತದೋ ಅಲ್ಲಿ ತೂತು ಇರುತ್ತದೆ. ಆ ತೂತಿಗೆ ಗಾಜಿನ ಚೂರು ತುಂಬಿ ಮೇಲೆ ಗಾರೆ ಮೆತ್ತಬೇಕು. ಬರೀ ಗಾರೆ ಆದರೆ ಹೆಗ್ಗಣ ಮತ್ತೆ ಕೆದರುತ್ತದೆ. ಬೆರಳು ಹೋಗುವ ತೂತು ಕಂಡರೂ ಬಿಡಬೇಡಿ, ಸುಂಡಿಲಿಗೆ ಅಷ್ಟು ಸಾಕು. ಬಾಗಿಲ ಕೆಳಗೆ ತಗಡು ಹೊಡೆಯಬೇಕು. ಪೋಸ್ಟರಿಗೆ ಹಚ್ಚುವ ಹಿಟ್ಟಿನ ಅಂಟನ್ನು ಅಲ್ಲಿ ಕುದಿಸಬಾರದು. ವಾಯರು ಒಳಗೆ ಬರುವ ಪೈಪಿನ ಬಾಯಿಗೆ ಮಿಸ್ತ್ರಿ ತಂತಿ ಜಾಳಿಗೆಯ ಒಂದು ಟೊಪ್ಪಿಗೆ ಮಾಡಿಕೊಟ್ಟಿದ್ದ. ಅದು ಸದಾ ಇರಬೇಕು. ಈ ಕಥೆಯೆಲ್ಲ ಆ ಟೊಪ್ಪಿಗೆಯದೇ.

ಒಮ್ಮೆ ಅಕ್ಕ ಒಂದು ಬೆಕ್ಕನ್ನೂ ತಂದಳು. ಅದು ಇಲಿ ಹಿಡಿಯುವುದು ಬಿಟ್ಟು ಬೆಚ್ಚಗಿನ ಸಿಲಿಂಡರಿನ ಮೇಲೆ ಮಲಗಿತು. ಕಡೆಗೆ ಪಟ್ಟಾದ ಮರೆಯಲ್ಲಿ ಮರಿ ಹಾಕಿತು. ಮರಿಗಳು ಕಣ್ಣು ಬಿಡುವವರೆಗೆ ಎಂಜಿನ್ ಚಾಲೂ ಮಾಡಬಾರದೆಂದು ಅಕ್ಕ ಹಟ ಹಿಡಿದಳು. "ಗಂಗವ್ವಾ, ಇದು ಎಂಜಿನ್ ಮನಿನೋ ನಿನ್ನ ತವರಮನಿನೋ?" ಎಂದು ಮಿಸ್ತ್ರಿ ಕೇಳಿದ. "ನನಗ ಎರಡೂ ಒಂದ ಅದಾವ ಮಾಮಾ," ಎಂದಳು. ಪುಣ್ಯಕ್ಕೆ ಆ ದಿನಗಳಲ್ಲಿ ಕರೆಂಟು ಹೋಗಲಿಲ್ಲ.

ಥೇಟರಿನ ಮಾಲೀಕರು ಸುಗ್ಗಿ ಮುಗಿದ ಮೇಲೆ ಊರೂರಿಗೆ ಡೇರೆ ಸಿನೆಮಾ ಕಳಿಸುತ್ತಿದ್ದರು. ಸಣ್ಣದೊಂದು ಎಂಜಿನ್ನನ್ನು ಚಕ್ಕಡಿಯಲ್ಲಿ ಹೇರಿಕೊಂಡು ಮಿಸ್ತ್ರಿಯೂ ನಾನೂ ಹೋಗುತ್ತಿದ್ದೆವು. ಲಕ್ಷ್ಮೇಶ್ವರದಲ್ಲಿ ಹತ್ತಿಯ ಅಂಡಿಗೆಗಳ ಪಕ್ಕ ಡೇರೆ, ಮುಂಡರಗಿಯಲ್ಲಿ ಶೇಂಗಾ ರಾಶಿಯ ಪಕ್ಕ. ಎರಡೂ ಕಡೆ ಇಲಿಗಳಿಗೆ ಬೀಗರ ಮನೆಯ ಊಟ. ಹೊರಡುವ ಮೊದಲು ಎಂಜಿನ್ನಿನ ಪೆಟ್ಟಿಗೆಯೊಳಗೆ ಕೈಯಾಡಿಸಿ ನೋಡಬೇಕು ಎಂಬುದನ್ನು ನಾನು ಶಿರಹಟ್ಟಿಯ ದಾರಿಯಲ್ಲಿ ಕಲಿತೆ.

ಶಿರಹಟ್ಟಿ ಆಗಿನ್ನೂ ಬೇರೆ ಸಂಸ್ಥಾನಕ್ಕೆ ಸೇರಿತ್ತು, ಗದಗ ಮುಂಬೈ ಸರಕಾರದ್ದು. ನಡುವೆ ಒಂದು ನಾಕಾ. ಬಟ್ಟೆ, ನೂಲು ರೇಷನ್ನಿನಲ್ಲಿದ್ದ ಕಾಲ. ಕದ್ದು ಸಾಗಿಸುತ್ತಾರೆಂದು ಎಲ್ಲರನ್ನೂ ತಡೆದು ನೋಡುತ್ತಿದ್ದರು. ನಾಕಾದ ಶಿಪಾಯಿ ದಪ್ಪ ಮೀಸೆಯವನು.

"ಪೆಟಗ್ಯಾಗ ಏನೈತಿ?"

"ಎಂಜಿನ್ ಐತ್ರಿ ಸಾಹೇಬ್ರ," ಎಂದ ಮಿಸ್ತ್ರಿ.

"ಎಲ್ಲಾರೂ ಎಂಜಿನ್ ಅಂತಾರ. ತಗೀರಿ."

ತೆಗೆದೆವು. ಅವನು ಬಗ್ಗಿದ. ಒಳಗಿನಿಂದ ಒಂದು ಇಲಿ ಛಂಗನೆ ಅವನ ತೋಳಿನ ಮೇಲೆ ಹಾರಿ, ಭುಜ ಹತ್ತಿ, ಬೆನ್ನ ಮೇಲಿಂದಿಳಿದು ಶಿರಹಟ್ಟಿಯ ಕಡೆಗೆ ಓಡಿತು. ಶಿಪಾಯಿ ಒಂದು ಮಾರು ದೂರ ಹೋಗಿ ನಿಂತಿದ್ದ.

"ಇದನ್ನ ಯಾಕ ಮೊದಲ ಹೇಳಲಿಲ್ಲ?"

ಮಿಸ್ತ್ರಿ ಗಂಭೀರವಾಗಿ ಹೇಳಿದ: "ಅದು ನಿಮ್ಮ ಸಂಸ್ಥಾನದ್ದ ಐತ್ರಿ. ಹೋದ ಸಲ ಬಂದಾಗ ತಿಳೀಲಾರದ ಹತ್ತಿ ಬಂದಿತ್ತು. ಬಿಟ್ಟು ಹೋಗಾಕ ಬಂದೀವಿ."

ಶಿಪಾಯಿ ನಕ್ಕು ಚಹಾ ಕುಡಿಸಿ ಕಳಿಸಿದ. ಮುಂದೆ ಸಂಸ್ಥಾನಗಳು ಕೂಡಿಕೊಂಡವು. ನಾಕಾದ ಗೂಡಿನಲ್ಲಿ ಯಾರೋ ಭಜಿ ಅಂಗಡಿ ಇಟ್ಟರು. ಆ ದಾರಿಯಲ್ಲಿ ಹೋಗುವಾಗಲೆಲ್ಲ ಮಿಸ್ತ್ರಿ ಪೆಟ್ಟಿಗೆ ತಟ್ಟಿ, "ಇನ್ನ ಮ್ಯಾಲೆ ಎಲ್ಲಾ ಇಲಿ ಒಂದ ರಾಜ್ಯದ್ದು ಲೇ, ತಪಾಸ ಮಾಡವರು ಯಾರೂ ಇಲ್ಲ," ಎನ್ನುತ್ತಿದ್ದ.

ಈಗ ನಾನು ತಪ್ಪಿಸಿಕೊಂಡು ಬಂದ ಜಾಗಕ್ಕೆ ಹೋಗಬೇಕು.

ಗಣಪತಿ ಹಬ್ಬದ ಮರುದಿನ ನಮ್ಮ ಓಣಿಯಲ್ಲಿ ಇಲಿಯ ಹಬ್ಬ. ಅಂದು ಮಗ್ಗ ನಿಲ್ಲುತ್ತದೆ, ಕತ್ತರಿ ಮುಟ್ಟುವುದಿಲ್ಲ. ಮಗ್ಗದ ಕುಣಿಯ ಬಳಿ ಎಲೆ ಹಾಕಿ ಕಡುಬು ಎಡೆ ಇಡುತ್ತಾರೆ. ವರ್ಷವಿಡೀ ನೂಲು ಕಡಿಯಬೇಡಪ್ಪಾ ಎಂದು ಕೈಮುಗಿಯುತ್ತಾರೆ. ನಮ್ಮ ಮನೆಯಲ್ಲಿ ಇನ್ನೂ ಒಂದು ನಡೆ ಇತ್ತು: ಅಂದು ಇಲಿಯ ದಾರಿಗೆ ಅಡ್ಡ ಏನನ್ನೂ ಇಡಬಾರದು. ಬೋನು ಬೋರಲು ಹಾಕಬೇಕು, ತೂತಿಗೆ ತುರುಕಿದ ಚಿಂದಿ ತೆಗೆಯಬೇಕು, ದೀಪ ಹಚ್ಚಿದ ಮೇಲೆ ಮತ್ತೆ ಮುಚ್ಚಬೇಕು. ಒಂದು ಹಗಲಿನ ಮಾಫಿ.

ಅಕ್ಕ ಇದನ್ನು ಎಂಜಿನ್ ಮನೆಗೂ ತಂದಿದ್ದಳು. ಕಡುಬನ್ನು ಒಳಗೆ ಇಡುತ್ತಿರಲಿಲ್ಲ. ಅಷ್ಟು ದಡ್ಡಿಯಲ್ಲ ಅವಳು. ಹೊರಗೆ ದೂರದ ಬೇವಿನ ಗಿಡದ ಬುಡಕ್ಕೆ ಮುತ್ತುಗದ ಎಲೆಯಲ್ಲಿ ಇಟ್ಟು, ಅರಿಷಿಣದ ದಾರ ಸುತ್ತಿ ಕೈಮುಗಿಯುತ್ತಿದ್ದಳು. ನಾನು ಮುಂಜಾನೆ ಪೈಪಿನ ಟೊಪ್ಪಿಗೆ ತೆಗೆದು ಸಂಜೆ ಹಾಕಬೇಕು. ಮಿಸ್ತ್ರಿ ಅಂದು ಬುತ್ತಿ ತರುತ್ತಿರಲಿಲ್ಲ. "ಇಲಿ ತಿಂದು ಉಳದದ್ದು ನಮಗ ಇರಲಿ ಗಂಗವ್ವಾ," ಎಂದು ಕಟ್ಟೆಯ ಮೇಲೆ ಕುಳಿತು ಕಡುಬಿಗೆ ಕಾಯುತ್ತಿದ್ದ.

ಕನ್ನಡ ನಾಡು ಒಂದಾಗುವ ವರ್ಷದ ಇಲಿಹಬ್ಬ. ನನಗೆ ಹೊಸದಾಗಿ ಮದುವೆಯಾಗಿತ್ತು, ಹೆಂಡತಿ ಹಬ್ಬಕ್ಕೆಂದು ಮಲ್ಲಸಮುದ್ರದ ತವರಿಗೆ ಹೋಗಿದ್ದಳು. ನನಗೆ ಮುಂಜಾನೆಯಿಂದ ಕಾಲು ನಿಲ್ಲುತ್ತಿರಲಿಲ್ಲ. ದೀಪ ಹಚ್ಚುವ ಮೊದಲೇ ಸೈಕಲ್ ಹತ್ತಿದೆ. ಅಕ್ಕ ಖೋಲಿಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕುಳಿತಿದ್ದಳು.

"ಪೈಪ್ ಮುಚ್ಚಿದೇನಲೇ?"

"ಮುಚ್ಚೀನಿ," ಎಂದೆ. ಬಂದು ಮುಚ್ಚಿದರಾಯಿತು ಎಂದು ಮನಸ್ಸಿನಲ್ಲಿತ್ತು. ಅಕ್ಕನ ಎದುರು ಹೇಳಿದ ಸುಳ್ಳು ಇಷ್ಟೇ, ಒಂದು ಶಬ್ದದ್ದು.

ಅವಳು ನಕ್ಕು, ಹೆಂಡತಿಗೆಂದು ಕಡುಬಿನ ಡಬ್ಬಿ ಕೈಗಿಟ್ಟಳು.

ಮರುದಿನ ಬಂದಾಗ ಪೈಪಿನ ಮುಂದೆ ಹೊಸ ಪೋಸ್ಟರಿನ ಗಂಟುಗಳನ್ನು ಒಟ್ಟಿದ್ದರು. ಪೈಪು ಕಾಣಲಿಲ್ಲ, ಕಾಣದ್ದು ನೆನಪಿಗೂ ಬರಲಿಲ್ಲ. ವಾರಕ್ಕೊಮ್ಮೆ ಎಂಜಿನ್ ಓಡಿಸಿ ನೋಡುವ ರೂಢಿ ಇತ್ತು, ಓಡಿಸಿದೆ, ಚಂದ ಓಡಿತು. ಆದರೆ ಬರೀ ಎಂಜಿನ್ ಓಡಿಸುತ್ತಿದ್ದೆ. ಥೇಟರಿನ ದೀಪಗಳಿಗೆ ಕೂಡಿಸಿ ನೋಡುತ್ತಿರಲಿಲ್ಲ. ಹುಡುಗರೇ, ಇಲ್ಲಿ ಒಂದು ಗೆರೆ ಎಳೆದುಕೊಳ್ಳಿ: ದೀಪ ಉರಿಸಿ ನೋಡದೆ ಜನರೇಟರ್ ಸರಿ ಇದೆ ಎಂದು ಯಾರಿಗೂ ಹೇಳಬೇಡಿ.

ನಾಡು ಒಂದಾದ ದಿನದ ಸಂಜೆ ಥೇಟರಿನಲ್ಲಿ ಸಭೆ. ಊರ ಹಿರಿಯರು, ಹಾಡುವವರು, ಬಾಗಿಲಿಗೆ ದೀಪದ ಸರ. ನಿಜಾಮನ ಸೀಮೆಯಾಗಿದ್ದ ಕಡೆಯಿಂದ ಬಂದ ನೆಂಟರು, ಸಂಸ್ಥಾನದ ಹಳ್ಳಿಗಳವರು, ಎಲ್ಲ ಒಂದೇ ಜಮಖಾನದ ಮೇಲೆ. ರಾಯರು ಹೊಸ ಕೋಟು ಹಾಕಿದ್ದರು. ಇಡೀ ಊರೇ ದೀಪ ಹಚ್ಚಿದ್ದಕ್ಕೋ ಏನೋ, ಮುಖ್ಯ ಭಾಷಣದ ನಡುವೆ ಕರೆಂಟು ಹೋಯಿತು.

ನಾನು ಹಿಡಿಕೆ ತಿರುಗಿಸಿದೆ. ಎಂಜಿನ್ ಒಂದೇ ಏಟಿಗೆ ಚಾಲೂ ಆಯಿತು. ಥೇಟರಿಗೆ ಕರೆಂಟು ಕೊಡಲು ಹೆಮ್ಮೆಯಿಂದ ಸ್ವಿಚ್ ಬೋರ್ಡಿನ ಖಟಕಿ ಎಳೆದೆ. ಬೋರ್ಡಿನ ಹಿಂದಿನಿಂದ ನೀಲಿ ಬೆಳಕು ಫಳ್ ಎಂದಿತು, ಹೊಗೆ ಬಂತು, ಮುಗಿಯಿತು. ಯಾರಿಗೂ ಏನೂ ಆಗಲಿಲ್ಲ. ಒಳಗೆ ಕತ್ತಲೆಯಲ್ಲಿ ಜನ ಮೊದಲು ಗುಜುಗುಜು ಎಂದರು, ಆಮೇಲೆ ಯಾರೋ, "ನಾಡು ಕೂಡೇತಿ, ಮಾರಿ ಕಾಣಲಿಲ್ಲ ಅಂದ್ರೂ ನಡೀತೈತಿ, ಹಾಡ್ರಿ," ಎಂದು ಕೂಗಿದರು. ಅಕ್ಕ ತನ್ನ ಕಂದೀಲು ತಂದು ವೇದಿಕೆಯ ಮೇಲಿಟ್ಟಳು. ಅದರ ಬೆಳಕಿನಲ್ಲೇ ಹಾಡಿದರು. ಅಂಥ ಹಾಡನ್ನು ನಾನು ಮತ್ತೆ ಕೇಳಿಲ್ಲ. ಆದರೆ ರಾಯರು ಹಿಂದಿನ ಸಾಲಿನಲ್ಲಿ ತಲೆ ಬಗ್ಗಿಸಿ ನಿಂತಿದ್ದರು.

ಮರುದಿನ ಮುಂಜಾನೆ ಅವರೇ ಬಂದು ಬೋರ್ಡು ಬಿಚ್ಚಿಸಿದರು. ಹಿಂದೆ ದೊಡ್ಡ ಗೂಡು. ಥೇಟರಿಗೆ ಹೋಗುವ ವಾಯರಿನ ಮೇಲಿನ ಹೊದಿಕೆಯನ್ನು ತಿಂದು ತಾಮ್ರ ಬತ್ತಲೆ ಮಾಡಿದ್ದವು. ಗೂಡಿನೊಳಗೆ ಹತ್ತಿ, ಕಾಗದ, ಜೊತೆಗೆ ಒಂದು ತುಂಡು ಅರಿಷಿಣದ ದಾರ.

ರಾಯರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಇದು ಯಾರದು?"

"ನಂದರಿ," ಎಂದಳು ಅಕ್ಕ. "ಇಲಿಹಬ್ಬದ ದಿನ ಕಡುಬಿಗೆ ಸುತ್ತಿದ್ದು."

"ಎಂಜಿನ್ ಮನ್ಯಾಗ ಇಲಿಗೆ ಕಡಬು! ಊರ ಮುಂದ ನನ್ನ ಮಾನ ಹೋತು, ನೀ ಇಲ್ಲಿ ಇಲಿ ಸಾಕ್ಕೋತ ಕೂತೀ! ಕೀಲಿ ಕೊಡು. ನಾಳಿಂದ ಬರಬ್ಯಾಡ."

"ಹೊರಗ ಗಿಡದ ಬುಡಕ ಇಟ್ಟಿದ್ನಿರಿ. ಒಳಗ ಬರೋ ದಾರಿ ಎಲ್ಲಾ ಮುಚ್ಚೇತ್ರಿ. ನಮ್ಮ ಶಂಕರನೇ ಮುಚ್ಚ್ಯಾನ್ರಿ, ಕೇಳ್ರಿ ಬೇಕಾದ್ರ," ಎಂದು ನನ್ನ ಕಡೆ ನೋಡಿದಳು.

ರಾಯರೂ ನನ್ನ ಕಡೆ ನೋಡಿದರು. ನಾನು ಪಾನಾ ಹಿಡಿದು ನಿಂತಿದ್ದೆ. ಆ ಹೊತ್ತಿಗೆ ಮಿಸ್ತ್ರಿ ಪೋಸ್ಟರಿನ ಗಂಟು ಸರಿಸಿ, ನೆಲದ ಮೇಲೆ ಬಿದ್ದಿದ್ದ ಜಾಳಿಗೆಯ ಟೊಪ್ಪಿಗೆಯನ್ನು ಎತ್ತಿಕೊಂಡಿದ್ದ. ಅವನಿಗೆ ತಿಳಿಯಿತು. ರಾಯರ ಬೆನ್ನು ಅವನ ಕಡೆಗಿತ್ತು. ಅವನು ನನ್ನನ್ನೇ ನೋಡುತ್ತಾ ನಿಂತ. ನನಗೆ ಹೊಸ ಹೆಂಡತಿ ಕಣ್ಣ ಮುಂದೆ ಬಂದಳು. ಕೆಲಸ ಹೋದರೆ ಮಾವನ ಮನೆಯಲ್ಲಿ ಹೇಗೆ ಮುಖ ತೋರಿಸಲಿ ಎಂಬ ಯೋಚನೆ ಬಂತು. ನಾನು ನೆಲ ನೋಡಿದೆ. ನೆಲದ ಮೇಲೆ ಅಕ್ಕ ಉದುರಿಸಿದ್ದ ಬೂದಿಯಲ್ಲಿ ನಮ್ಮೆಲ್ಲರ ಹೆಜ್ಜೆಗಳಿದ್ದವು.

ಅಕ್ಕ ನನ್ನ ಮುಖವನ್ನು ಇನ್ನೊಮ್ಮೆ ನೋಡಿ, ಸೊಂಟದಿಂದ ಕೀಲಿ ಬಿಚ್ಚಿ ಎಂಜಿನ್ನಿನ ಕಟ್ಟೆಯ ಮೇಲಿಟ್ಟಳು. ಹೋಗುವಾಗ ನನಗೆ ಹೇಳಿದ್ದು ಇಷ್ಟು: "ಬೆಕ್ಕಿಗೆ ಹಾಲು ಹಾಕೋದು ಮರೀಬ್ಯಾಡಲೇ."

ಮಿಸ್ತ್ರಿ ಟೊಪ್ಪಿಗೆಯನ್ನು ಪೈಪಿಗೆ ಹಾಕಿದ. ಆಮೇಲೆ ಇಬ್ಬರೇ ಇದ್ದಾಗ, "ನಾ ಹೇಳತಿದ್ನಿ. ಆದರ ನೀ ಹೇಳಲಿ ಅಂತ ಬಿಟ್ಟೆ. ಇವತ್ತಿಲ್ಲ ನಾಳಿ ಹೇಳು," ಎಂದ. ಅಂದಿನಿಂದ ಎಲ್ಲಿ ಭೇಟಿಯಾದರೂ ಮೊದಲು ಸಲಾಮಲ್ಲ, "ಹೇಳಿದೆ ಏನಲೇ?" ಎಂದೇ ಕೇಳುತ್ತಿದ್ದ. ಹಾಸಿಗೆ ಹಿಡಿದಾಗ ನೋಡಲು ಹೋದೆ. ಮಾತು ನಿಂತಿತ್ತು. ಹುಬ್ಬು ಎತ್ತಿ ಅದನ್ನೇ ಕೇಳಿದ. ನಾನು ಅವನ ಕಾಲು ಒತ್ತುತ್ತಾ ಕುಳಿತೆ.

ಅಕ್ಕ ಡಂಬಳದಲ್ಲಿದ್ದ ಚಿಗವ್ವನ ಮನೆಗೆ ಹೋದಳು. ನೂಲಿನ ಎಳೆ ಹಿಡಿದ ಕೈ ಹೊಲದಲ್ಲಿ ಕಸ ತೆಗೆಯಿತು, ಹತ್ತಿ ಬಿಡಿಸಿತು, ಕಂಡವರ ಅಂಗಳದಲ್ಲಿ ಶೇಂಗಾ ಬಡಿಯಿತು. ಚಿಗವ್ವನ ಕಾಲ ಮುಗಿದ ಮೇಲೆ ಆ ಮನೆ ಅವಳಿಗೇ ಉಳಿಯಿತು. ನನ್ನ ಮಕ್ಕಳ ಬಾಣಂತನಕ್ಕೆ, ಕುಬಸಕ್ಕೆ, ಮದುವೆಗೆ ಎಲ್ಲದಕ್ಕೂ ಬಂದಳು. ಪ್ರತಿ ವರ್ಷ ಇಲಿಹಬ್ಬಕ್ಕೆ ಬಸ್ಸಿನವರ ಕೈಯಲ್ಲಿ ಕಡುಬಿನ ಡಬ್ಬಿ ಕಳಿಸುತ್ತಾಳೆ. ಪ್ರತಿ ವರ್ಷ ಡಬ್ಬಿ ತಿರುಗಿ ಕೊಡುವ ನೆಪದಲ್ಲಿ ಹೋಗುತ್ತೇನೆ, ಹೇಳಬೇಕೆಂದು ಹೋಗುತ್ತೇನೆ, ಮಳೆ ಬೆಳೆ ಮಾತಾಡಿ ಬರುತ್ತೇನೆ. ಮೊದಲು ಭಯ ತಡೆಯಿತು, ಆಮೇಲೆ ನಾಚಿಕೆ, ಆಮೇಲೆ ಇಷ್ಟು ದಿನ ಹೇಳದ್ದನ್ನು ಈಗೇಕೆ ಎಂಬ ಸೋಗು.

ಇತ್ತ ನಾನು ಥೇಟರು ಬಿಟ್ಟು ಹತ್ತಿ ಗಿರಣಿಗೆ, ಅಲ್ಲಿಂದ ದವಾಖಾನೆಗೆ ಹೋದೆ. ಎಂಜಿನ್ನುಗಳು ದೊಡ್ಡವಾದವು, ಹಿಡಿಕೆ ಹೋಗಿ ಬ್ಯಾಟರಿ ಬಂತು, ವಾಯರಿನ ನೂಲಿನ ಹೊದಿಕೆ ಹೋಗಿ ಪ್ಲಾಸ್ಟಿಕ್ ಬಂತು. ಪ್ಲಾಸ್ಟಿಕ್ ಬಂತಲ್ಲ, ಇನ್ನು ಇಲಿಯ ಹಲ್ಲಿಗೆ ಕೆಲಸವಿಲ್ಲ ಎಂದು ಇಂಜಿನಿಯರ್ ಸಾಹೇಬರೂ ನಾನೂ ಇಬ್ಬರೂ ನಂಬಿದ್ದೆವು. ಒಂದೇ ಮಳೆಗಾಲದಲ್ಲಿ ಇಬ್ಬರೂ ಬುದ್ಧಿ ಕಲಿತೆವು. ದವಾಖಾನೆಯಲ್ಲಿ ಇದ್ದಷ್ಟು ದಿನ ನಾನು ದಿನವೂ ಪೈಪಿನ ಬಾಯಿಗಳನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದೆ. ಹುಡುಗರು ನಗುತ್ತಿದ್ದರು. ಶಂಕ್ರಪ್ಪ ಕಾಕಾ ಪೈಪಿನ ನಾಡಿ ನೋಡುತ್ತಾನೆ ಎನ್ನುತ್ತಿದ್ದರು. ಅಲ್ಲಿ ಒಮ್ಮೆಯೂ ಇಲಿಯಿಂದ ದೀಪ ನಿಲ್ಲಲಿಲ್ಲ. ಅದಕ್ಕಾಗಿ ನನ್ನನ್ನು ಹೊಗಳಿದವರಿಗೆ ಕಾರಣ ಗೊತ್ತಿರಲಿಲ್ಲ.

ಈ ವರ್ಷ ಇಲಿಹಬ್ಬಕ್ಕೆ ಡಬ್ಬಿ ಬರುವವರೆಗೆ ಕಾಯಲಿಲ್ಲ. ಮುಂಜಾನೆಯೇ ಡಂಬಳದ ಬಸ್ ಹತ್ತಿದೆ. ಅಕ್ಕ ಮನೆಯ ಕಟ್ಟೆಯ ಮೇಲೆ ಕುಳಿತು ಕಡುಬಿನ ಹೂರಣ ಉಂಡೆ ಕಟ್ಟುತ್ತಿದ್ದಳು. ಎದುರಿನ ನಳದಲ್ಲಿ ಹೆಂಗಸರು ನೀರಿಗೆ ಪಾಳಿ ಹಚ್ಚಿದ್ದರು. ನನ್ನನ್ನು ನೋಡಿ, "ಯಾಕಲೇ, ನಿನ್ನ ಹೇಣ್ತಿ ಮನಿ ಬಿಟ್ಟು ಹೊರಗ ಹಾಕಿದ್ಲೇನು?" ಎಂದಳು.

ಪಕ್ಕದಲ್ಲಿ ಕುಳಿತೆ. ನೆಲ ನೋಡುತ್ತಾ ಸಣ್ಣ ದನಿಯಲ್ಲಿ ಹೇಳಿದೆ.

"ಆಂ? ಏನಂದಿ?"

ಇನ್ನೊಮ್ಮೆ ಹೇಳಿದೆ. ಅವಳು ತಲೆಯಾಡಿಸಿದಳು. "ಏನೂ ಕೇಳವಲ್ದು. ಆ ನಿನ್ನ ಎಂಜಿನ್ನೇ ಕಿವಿ ತಿಂದೈತಿ ನಂದು. ಎಂಜಿನ್ ಮುಂದ ಒದರತಿದ್ದೆಲ್ಲ, ಹಂಗ ಒದರು," ಎಂದು ಹೂರಣದ ಕೈಯನ್ನು ಕಿವಿಗೆ ಒಡ್ಡಿದಳು.

ನಾನು ನಳದ ಕಡೆ ನೋಡಿದೆ. ಕೊಡ ಹಿಡಿದವರೆಲ್ಲ ಇತ್ತ ತಿರುಗಿದ್ದರು. ಎದ್ದು ಬಂದುಬಿಡಬೇಕೆನಿಸಿತು. ಬರಲಿಲ್ಲ. ಅಕ್ಕನ ಕೈಯೊಳಗೆ ಬಾಯಿಟ್ಟು, ಎಂಜಿನ್ ಓಡುತ್ತಿದೆ ಎಂದುಕೊಂಡು, ಇಡೀ ಓಣಿಗೆ ಕೇಳುವಂತೆ ಒದರಿದೆ:

"ಅಕ್ಕಾ, ಆ ಪೈಪ್ ನಾ ಮುಚ್ಚಿರಲಿಲ್ಲ! ಮುಚ್ಚೀನಿ ಅಂತ ನಿನಗ ಸುಳ್ಳ ಹೇಳಿದ್ನಿ! ರಾಯರು ಕೀಲಿ ಕೇಳಿದಾಗ ನಾ ಬಾಯಿ ಬಿಡಲಿಲ್ಲ! ತಪ್ಪು ನಂದು, ನಿಂದಲ್ಲ! ನಿನ್ನ ಮನಿ ನಾ ಕಳದೆ ಅಕ್ಕಾ, ಹೊಟ್ಟ್ಯಾಗ ಹಾಕ್ಕೊ!"